ಭೂಗರ್ಭಕ್ಕೆ ಕಿವಿಗೊಟ್ಟ ಗಾಜಿನ ಎಳೆ: ಹಿಡಿತ ತಪ್ಪಿದರೆ ಪತ್ತೆ ಹೇಗೆ?

ಜರ್ಮನಿಯ ರಾಜಧಾನಿ ಬರ್ಲಿನ್‌ನ ಉತ್ತರಕ್ಕಿರುವ ಗ್ರೋಸ್ ಶೋನೆಬೆಕ್ ಎಂಬಲ್ಲಿ 2017ರ ಫೆಬ್ರವರಿಯಲ್ಲಿ ವಿಜ್ಞಾನಿಗಳ ತಂಡವೊಂದು ಸುಮಾರು 4.3 ಕಿ.ಮೀ. ಆಳದ ಎರಡು ಬಾವಿಗಳೊಳಗೆ ಕೇಬಲ್ ಇಳಿಬಿಟ್ಟಿತು. ಸುತ್ತಲಿನ 61 ಸ್ಥಳಗಳಲ್ಲಿ ಭಾರೀ ಲಾರಿಗಳು ನೆಲವನ್ನು ನಡುಗಿಸಿದವು. ಆ ನಡುಕವು ಭೂಗರ್ಭದ ಪದರಗಳ ಮೂಲಕ ಹಾಯ್ದು ಬಂದುದನ್ನು ಕೇಬಲ್‌ನೊಳಗಿನ ಕೂದಲೆಳೆಯಷ್ಟು ಸಪೂರವಾದ ಗಾಜಿನ ತಂತು ಮೇಲಿನಿಂದ ಕೆಳಗಿನವರೆಗೆ ಏಕಕಾಲಕ್ಕೆ ಗ್ರಹಿಸಿತು. ಕೇವಲ ನಾಲ್ಕು ದಿನಗಳಲ್ಲಿ ಮಾಪನ ಪೂರ್ಣಗೊಂಡಿತು.

ಆದರೆ ದಾಖಲೆಗಳನ್ನು ಪರಿಶೀಲಿಸಿದಾಗ ಕೆಲವು ಆಳಗಳಲ್ಲಿ ವಿಚಿತ್ರವಾದ ಗದ್ದಲ ಕಂಡುಬಂದಿತು. ಗಂಟೆ ಬಾರಿಸಿದ ನಂತರವೂ ನಾದ ಉಳಿಯುವಂತೆ, ತರಂಗ ಹಾದುಹೋದ ಮೇಲೂ ಆ ಭಾಗಗಳು ಮೊಳಗುತ್ತಲೇ ಇದ್ದವು. ಅದು ಭೂಮಿಯ ದನಿಯಾಗಿರಲಿಲ್ಲ. ಬಾವಿಯ ಗೋಡೆಯನ್ನು ಸರಿಯಾಗಿ ಹಿಡಿದುಕೊಳ್ಳದೆ ನೇತಾಡುತ್ತಿದ್ದ ಕೇಬಲ್‌ನ ದನಿಯಾಗಿತ್ತು.

ದ್ಯುತಿತಂತು ಆಧಾರಿತ ಭೂಗರ್ಭ ಮಾಪನದ ಮೂಲಭೂತ ಸಮಸ್ಯೆ ಇಲ್ಲಿಯೇ ಅಡಗಿದೆ. ತಂತು ಹೇಳುವುದು ತನಗೇನಾಯಿತು ಎಂಬುದನ್ನು ಮಾತ್ರ. ಬಂಡೆಗೆ ಏನಾಯಿತು ಎಂಬುದನ್ನಲ್ಲ. ಇವೆರಡೂ ಒಂದೇ ಆಗಬೇಕಾದರೆ ತಂತುವಿಗೂ ಬಂಡೆಗೂ ನಡುವೆ ಭದ್ರವಾದ ಹಿಡಿತವಿರಬೇಕು. ತಂತ್ರಜ್ಞರ ಪರಿಭಾಷೆಯಲ್ಲಿ ಇದಕ್ಕೆ 'ಕಪ್ಲಿಂಗ್' ಎನ್ನಲಾಗುತ್ತದೆ. ಹಿಡಿತ ಎಲ್ಲಿ ತಪ್ಪಿದೆ ಎಂಬುದನ್ನು ಪತ್ತೆಹಚ್ಚುವುದು ಹೇಗೆ? ಪತ್ತೆಹಚ್ಚದಿದ್ದರೆ ಆಗುವ ನಷ್ಟವೇನು?

ಏನಿದು ತಂತ್ರಜ್ಞಾನ?

ದೂರವಾಣಿ ಹಾಗೂ ಅಂತರ್ಜಾಲ ಸಂಪರ್ಕಕ್ಕೆ ಬಳಸುವಂಥ ಆಪ್ಟಿಕಲ್ ಫೈಬರ್ ಇಲ್ಲಿಯೂ ಬಳಕೆಯಾಗುತ್ತದೆ. ನೆಲದ ಮೇಲಿರುವ ಉಪಕರಣವು ತಂತುವಿನೊಳಕ್ಕೆ ಲೇಸರ್ ಬೆಳಕಿನ ಅತಿ ಕಿರಿದಾದ ಮಿಡಿತಗಳನ್ನು ಒಂದರ ಹಿಂದೊಂದರಂತೆ ಕಳುಹಿಸುತ್ತದೆ. ಗಾಜು ಎಷ್ಟೇ ಶುದ್ಧವಾಗಿದ್ದರೂ ಅದರೊಳಗೆ ಸೂಕ್ಷ್ಮವಾದ ಏರುಪೇರುಗಳಿರುತ್ತವೆ. ಅವುಗಳಿಗೆ ತಾಗಿದ ಬೆಳಕಿನ ಅತ್ಯಲ್ಪ ಅಂಶವು ಚದುರಿ ಹಿಂದಕ್ಕೆ ಮರಳುತ್ತದೆ. ರ‍್ಯಾಲೆ ಚದುರುವಿಕೆ ಎಂದು ಭೌತವಿಜ್ಞಾನದಲ್ಲಿ ಹೆಸರಾಗಿರುವ ಈ ವಿದ್ಯಮಾನವೇ ಇಡೀ ತಂತ್ರಜ್ಞಾನಕ್ಕೆ ತಳಹದಿ.

ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ಹೀಗಾಗಿ 4.3 ಕಿ.ಮೀ. ಆಳದ ತುದಿಯನ್ನು ಮುಟ್ಟಿ ಮರಳಲು ಅದಕ್ಕೆ ಬೇಕಾಗುವ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೇವಲ 43 ಭಾಗ. ಬೆಳಕು ಮರಳಿದ ಕಾಲವನ್ನು ಲೆಕ್ಕಹಾಕಿದರೆ ಅದು ಎಷ್ಟು ಆಳದಿಂದ ಬಂದಿದೆ ಎಂಬುದು ತಿಳಿಯುತ್ತದೆ. ಭೂಮಿ ಕಂಪಿಸಿದಾಗ ತಂತು ಒಂದಿಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಆಗ ಮರಳುವ ಬೆಳಕಿನ ಅಲೆಗಳ ಹೆಜ್ಜೆ ತುಸು ಆಚೀಚೆಯಾಗುತ್ತದೆ. ಈ ವ್ಯತ್ಯಾಸವನ್ನು ಅಳೆದು, ಆಯಾ ಆಳದಲ್ಲಿ ತಂತು ಎಷ್ಟು ಹಿಗ್ಗಿತು ಎಂಬುದನ್ನು ಗಣಕಯಂತ್ರ ಹೇಳುತ್ತದೆ. 10 ಮೀಟರ್ ಉದ್ದದ ತಂತು 10 ನ್ಯಾನೋಮೀಟರ್‌ನಷ್ಟು ಹಿಗ್ಗಿದರೂ, ಅಂದರೆ ಕೂದಲೆಳೆಯ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಬದಲಾದರೂ, ಅದನ್ನು ಗುರುತಿಸಲು ಸಾಧ್ಯವಿದೆ.

ಜಿಯೋಫೋನ್‌ಗಿಂತ ಹೇಗೆ ಭಿನ್ನ?

ಬಾವಿಯೊಳಗಿನ ಕಂಪನ ಮಾಪನಕ್ಕೆ ದಶಕಗಳಿಂದ ಬಳಕೆಯಲ್ಲಿರುವುದು ಜಿಯೋಫೋನ್ ಎಂಬ ಸಾಧನ. ಬೇಕಾದ ಆಳಕ್ಕೆ ಇಳಿಸಿದ ಬಳಿಕ ಅದರ ಉಕ್ಕಿನ ತೋಳು ಹೊರಚಾಚಿ ಸಾಧನವನ್ನು ಬಾವಿಯ ಗೋಡೆಗೆ ಒತ್ತಿ ಹಿಡಿಯುತ್ತದೆ. ಆದ್ದರಿಂದ ಹಿಡಿತ ಸಾಮಾನ್ಯವಾಗಿ ಉತ್ತಮವಾಗಿರುತ್ತದೆ. ಆದರೆ ಇಡೀ ಬಾವಿಯನ್ನು ಅಳೆಯಬೇಕಾದರೆ ಸಾಧನವನ್ನು ಮತ್ತೆ ಮತ್ತೆ ಸ್ಥಳಾಂತರಿಸಬೇಕು.

ಉದಾಹರಣೆಗೆ, 15 ಮೀಟರ್ ಅಂತರದಲ್ಲಿ 20 ಜಿಯೋಫೋನ್‌ಗಳಿರುವ ಸಾಲೊಂದು ಒಮ್ಮೆಗೆ ಸುಮಾರು 300 ಮೀಟರ್ ಆವರಿಸುತ್ತದೆ ಎಂದಿಟ್ಟುಕೊಳ್ಳೋಣ. 4,200 ಮೀಟರ್ ಆಳದ ಬಾವಿಗೆ 14 ಬಾರಿ ಅದನ್ನು ಸರಿಸಬೇಕಾಗುತ್ತದೆ. ಪ್ರತಿ ಬಾರಿಯೂ 61 ಸ್ಥಳಗಳಲ್ಲಿ ನೆಲ ನಡುಗಿಸಬೇಕೆಂದರೆ ಒಟ್ಟು 854 ಸಲ ಲಾರಿಗಳು ಸ್ಥಳದಿಂದ ಸ್ಥಳಕ್ಕೆ ಓಡಾಡಬೇಕು. ತಂತುವಿನ ವಿಷಯದಲ್ಲಿ ಈ ತೊಂದರೆಯಿಲ್ಲ. ಒಮ್ಮೆ ಇಳಿಬಿಟ್ಟರೆ ಅದರ ಉದ್ದಕ್ಕೂ ಪ್ರತಿ ಕೆಲವು ಮೀಟರ್‌ಗೆ ಒಂದರಂತೆ ಸಾವಿರಾರು 'ಕಿವಿ'ಗಳು ತೆರೆದುಕೊಳ್ಳುತ್ತವೆ. ಬಾವಿಯ ತಳದ ತೀವ್ರ ಶಾಖವನ್ನು ತಡೆದುಕೊಳ್ಳುವ ಶಕ್ತಿಯೂ ತಂತುವಿಗಿದೆ. ಆದರೆ ಗೋಡೆಗೆ ಒತ್ತಿ ಹಿಡಿಯುವ ತೋಳು ಅದಕ್ಕಿಲ್ಲ. ಸಮಯದಲ್ಲಿ ಆದ ಉಳಿತಾಯವನ್ನು ಹಿಡಿತದ ಅನಿಶ್ಚಿತತೆಯ ರೂಪದಲ್ಲಿ ತೆರಬೇಕಾಗುತ್ತದೆ.

ಅಳವಡಿಕೆಯ ಮೂರು ವಿಧಾನಗಳು

ಕೇಬಲ್ ಅಳವಡಿಸುವ ಪ್ರಮುಖ ವಿಧಾನಗಳು ಮೂರು. ಮೊದಲನೆಯದು, ಬಾವಿ ಕೊರೆಯುವಾಗಲೇ ಕೇಸಿಂಗ್ ಪೈಪಿನ ಹೊರಮೈಗೆ ಕೇಬಲ್ ಕಟ್ಟಿ, ಪೈಪು ಮತ್ತು ಬಂಡೆಯ ನಡುವೆ ಸಿಮೆಂಟ್ ತುಂಬುವುದು. ಹಿಡಿತದ ದೃಷ್ಟಿಯಿಂದ ಇದೇ ಅತ್ಯುತ್ತಮ. ಆದರೆ ಈಗಾಗಲೇ ಸಿದ್ಧವಾಗಿರುವ ಬಾವಿಗೆ ಇದು ಸಾಧ್ಯವಿಲ್ಲ. ಎರಡನೆಯದು, ಬಾವಿಯೊಳಗೆ ಇಳಿಸುವ ಒಳಕೊಳವೆಗೆ ಪಟ್ಟಿಗಳಿಂದ ಕೇಬಲ್ ಬಿಗಿಯುವುದು. ಮೂರನೆಯದು, ಉಕ್ಕಿನ ಕವಚವಿರುವ ಕೇಬಲ್ ಅನ್ನು ನೇರವಾಗಿ ಬಾವಿಯೊಳಗೆ ಇಳಿಬಿಡುವುದು. ಗ್ರೋಸ್ ಶೋನೆಬೆಕ್‌ನಲ್ಲಿ ಅನುಸರಿಸಿದ್ದು ಮೂರನೆಯ ವಿಧಾನವನ್ನು. ಅಲ್ಲಿನ ಒಂದು ಬಾವಿ 1990ರಲ್ಲಿ ನೈಸರ್ಗಿಕ ಅನಿಲದ ಶೋಧಕ್ಕಾಗಿ ಕೊರೆದದ್ದು; ಮುಂದೆ ಅದನ್ನು ಭೂಶಾಖದ ಸಂಶೋಧನೆಗಾಗಿ ಮತ್ತೆ ತೆರೆಯಲಾಯಿತು.

ಇಳಿಬಿಟ್ಟ ಕೇಬಲ್ ಗೋಡೆಯ ಕಂಪನವನ್ನು ಗ್ರಹಿಸುವುದಾದರೂ ಹೇಗೆ ಎಂಬ ಪ್ರಶ್ನೆ ಸಹಜ. ಯಾವ ಬಾವಿಯೂ ಪೂರ್ತಿ ನೇರವಾಗಿರುವುದಿಲ್ಲ. ಅಲ್ಲಲ್ಲಿ ವಾಲಿರುವ ಕಡೆ ಕೇಬಲ್ ಗೋಡೆಯ ಮೇಲೆ ಒರಗುತ್ತದೆ. ತರಂಗದಿಂದಾಗುವ ಚಲನೆ ಅತ್ಯಂತ ಸೂಕ್ಷ್ಮವಾದ ಕಾರಣ, ಒರಗಿದ ಜಾಗದ ಅಲ್ಪ ಘರ್ಷಣೆಯೇ ಕೇಬಲ್ ಜಾರದಂತೆ ಹಿಡಿಯಲು ಸಾಕಾಗುತ್ತದೆ.

ಇಲ್ಲಿ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದ ಸಂಗತಿಯೊಂದಿದೆ. ಕೊಳವೆಬಾವಿಗೆ ಪಂಪ್ ಇಳಿಸುವವರು ಹಗ್ಗವನ್ನು ಬಿಗಿಯಾಗಿಟ್ಟುಕೊಳ್ಳುತ್ತಾರೆ. ಆದರೆ ಕಂಪನ ಮಾಪನದಲ್ಲಿ ಬಿಗಿಯಾದ ಕೇಬಲ್ಲೇ ಕೆಟ್ಟದ್ದು. ತನ್ನದೇ ಭಾರಕ್ಕೆ ಸೆಟೆದು ನಿಂತ ಕೇಬಲ್ ಗೋಡೆಯನ್ನು ಮುಟ್ಟದೆ ಬಾವಿಯ ನೀರಿನ ನಡುವೆ ತೂಗುತ್ತದೆ. ತಳ ಮುಟ್ಟಿದ ನಂತರ ಮೇಲಿನಿಂದ ಇನ್ನಷ್ಟು ಕೇಬಲ್ ಸಡಿಲಬಿಟ್ಟರೆ ಅದು ಬಳುಕಿ, ಬಳ್ಳಿಯಂತೆ ಸುರುಳಿಯಾಗಿ ಗೋಡೆಗೆ ತಾಗಿಕೊಳ್ಳುತ್ತದೆ. ಆಗ ಹಿಡಿತ ಸುಧಾರಿಸುತ್ತದೆ.

ಸಡಿಲ ಕೇಬಲ್‌ನ ಲಕ್ಷಣಗಳು

ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ಕೇಬಲ್ ಗೋಡೆಯನ್ನು ತಾಗಿದೆಯೇ ಇಲ್ಲವೇ ಎಂದು ಇಣುಕಿ ನೋಡಲಾಗದು. ಆದ್ದರಿಂದ ದಾಖಲಾದ ಸಂಕೇತಗಳಲ್ಲಿಯೇ ಅದರ ಕುರುಹುಗಳನ್ನು ಹುಡುಕಬೇಕು. ಮುಖ್ಯ ಪರೀಕ್ಷೆಗಳು ಇಂತಿವೆ.

ಮೊದಲನೆಯದು, ಮೊಳಗುವಿಕೆ. ಎರಡು ಕಡೆ ಗೋಡೆಗೆ ತಾಗಿ ನಡುವೆ ನೇತಾಡುವ ಕೇಬಲ್, ಎರಡು ಕುದುರೆಗಳ ನಡುವೆ ಬಿಗಿದ ತಂಬೂರಿಯ ತಂತಿಯಂತೆ ವರ್ತಿಸುತ್ತದೆ. ಅದರೊಳಗೆ ಹೊಕ್ಕ ತರಂಗ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಮರಳುತ್ತಲೇ ಇರುತ್ತದೆ. ಆಳ ಮತ್ತು ಕಾಲವನ್ನು ತೋರುವ ಚಿತ್ರದಲ್ಲಿ ಇದು ಗರಗಸದ ಹಲ್ಲುಗಳಂಥ ಅಂಕುಡೊಂಕು ಗೆರೆಯಾಗಿ ಕಾಣುತ್ತದೆ. ಬಂಡೆಯಿಂದ ಬಂದ ತರಂಗವಾದರೋ ಒಮ್ಮೆ ಹಾದುಹೋಗುತ್ತದೆ. ಒಂದೇ ತುಣುಕಿನೊಳಗೆ ಹತ್ತಾರು ಬಾರಿ ಪುಟಿಯುವುದಿಲ್ಲ.

ಇದರ ಆವರ್ತನವನ್ನೂ ಲೆಕ್ಕಹಾಕಬಹುದು. ನೇತಾಡುವ ಭಾಗ 100 ಮೀಟರ್ ಉದ್ದವಿದ್ದು, ಕೇಬಲ್‌ನಲ್ಲಿ ತರಂಗದ ವೇಗ ಸೆಕೆಂಡಿಗೆ 4,000 ಮೀಟರ್ ಎಂದು ಭಾವಿಸಿದರೆ, ಹೋಗಿ ಬರುವ 200 ಮೀಟರ್ ದೂರಕ್ಕೆ ಸೆಕೆಂಡಿನ 20ನೇ ಒಂದು ಭಾಗ ಹಿಡಿಯುತ್ತದೆ. ಅಂದರೆ 20 ಹರ್ಟ್ಜ್‌ನಲ್ಲಿ ಒಂದು ಶಿಖರ, ಅದರ ಗುಣಕಗಳಾದ 40 ಮತ್ತು 60 ಹರ್ಟ್ಜ್‌ಗಳಲ್ಲಿ ಮತ್ತಷ್ಟು ಶಿಖರಗಳು ಕಾಣಿಸಿಕೊಳ್ಳುತ್ತವೆ. ಹೀಗೆ ಸಮಾನ ಅಂತರದಲ್ಲಿ ಶಿಖರಗಳ ಸಾಲು ಕಂಡರೆ ಅಲ್ಲಿ ಕೇಬಲ್ ಸಡಿಲವಾಗಿದೆ ಎಂಬ ಶಂಕೆ ಬಲಗೊಳ್ಳುತ್ತದೆ. ಶಿಖರಗಳ ಅಂತರದಿಂದ ಸಡಿಲ ಭಾಗದ ಉದ್ದವನ್ನೂ ಅಂದಾಜು ಮಾಡಬಹುದು. ತೊಂದರೆಯೆಂದರೆ, ನೆಲ ನಡುಗಿಸುವ ಲಾರಿಗಳು ಹೊಮ್ಮಿಸುವ ಕಂಪನವೂ ಇದೇ ವ್ಯಾಪ್ತಿಯಲ್ಲಿರುತ್ತದೆ. ಹೀಗಾಗಿ ಗದ್ದಲವನ್ನು ಸುಲಭವಾಗಿ ಬೇರ್ಪಡಿಸಲಾಗದು.

ಎರಡನೆಯದು, ವೇಗದ ಪರೀಕ್ಷೆ. ತರಂಗದ ಮೊದಲ ಆಗಮನ ಆಳದಿಂದ ಆಳಕ್ಕೆ ಎಷ್ಟು ತಡವಾಗುತ್ತದೆ ಎಂಬುದರಿಂದ ಆ ಪದರದ ವೇಗ ತಿಳಿಯುತ್ತದೆ. ಅದೇ ಬಾವಿಯಲ್ಲಿ ಹಿಂದೆ ಶಬ್ದ ತರಂಗಗಳಿಂದ ಅಳೆದ ವೇಗದೊಂದಿಗೆ ಇದನ್ನು ಹೋಲಿಸಬೇಕು. ಎರಡೂ ತಾಳೆಯಾದರೆ ತಂತು ಬಂಡೆಯ ಮಾತನ್ನೇ ಹೇಳುತ್ತಿದೆ ಎಂದರ್ಥ. ಸೆಕೆಂಡಿಗೆ ಸುಮಾರು 1,500 ಮೀಟರ್‌ನ ಆಸುಪಾಸಿನ ವೇಗ ಕಂಡುಬಂದರೆ ಅದು ಬಾವಿಯೊಳಗಿನ ನೀರಿನ ಕಂಬದಲ್ಲಿ ಸಾಗಿದ ತರಂಗವಾಗಿರುವ ಸಂಭವ ಹೆಚ್ಚು. ಆದರೆ ಈ ಪರೀಕ್ಷೆಯನ್ನೊಂದೇ ನಂಬುವಂತಿಲ್ಲ. ಉಕ್ಕಿನ ಕವಚದ ಕೇಬಲ್‌ನಲ್ಲಿ ತರಂಗದ ವೇಗವು ಕೆಲವು ಬಂಡೆಗಳ ವೇಗಕ್ಕೆ ಸಮೀಪವಾಗಿರಬಹುದು. ಅಂಥ ಪದರಗಳಲ್ಲಿ ಸುಳ್ಳೂ ಸತ್ಯದಂತೆಯೇ ಕಾಣುತ್ತದೆ.

ಮೂರನೆಯದು, ಸಂಕೇತದ ಬಲ. ಆಳಕ್ಕಿಳಿದಂತೆ ಮೊದಲ ಆಗಮನದ ಬಲ ಕ್ರಮೇಣ ಕುಗ್ಗಬೇಕು. ನಡುವೆ ಒಮ್ಮೆಲೇ ಕುಸಿದರೆ ಅಥವಾ ಏರಿದರೆ ಎಚ್ಚರ ವಹಿಸಬೇಕು. ಆದರೂ ಅವಸರದ ತೀರ್ಮಾನ ಸಲ್ಲದು. ಮೆತ್ತನೆಯ ಬಂಡೆ ಹೆಚ್ಚು ಹಿಗ್ಗುತ್ತದೆ, ಗಟ್ಟಿ ಬಂಡೆ ಕಡಿಮೆ ಹಿಗ್ಗುತ್ತದೆ. ಆದ್ದರಿಂದ ಪದರ ಬದಲಾದ ಕಡೆ ಬಲವೂ ಬದಲಾಗುವುದು ಸಹಜವೇ.

ಇವೆರಡನ್ನು ಪ್ರತ್ಯೇಕಿಸುವುದು ನಾಲ್ಕನೆಯ ಪರೀಕ್ಷೆ. ಕೇಬಲ್ ಅನ್ನು ಕೆಲವು ಮೀಟರ್ ಸಡಿಲಿಸಿ ಅಥವಾ ಮೇಲಕ್ಕೆಳೆದು, ಲಾರಿಯನ್ನು ಅದೇ ಸ್ಥಳದಲ್ಲಿ ನಿಲ್ಲಿಸಿ ಮತ್ತೊಮ್ಮೆ ಮಾಪನ ನಡೆಸಬೇಕು. ಕೇಬಲ್ ಸರಿದ ಮಾತ್ರಕ್ಕೆ ಬಂಡೆ ಬದಲಾಗದು. ಆಳದ ಲೆಕ್ಕವನ್ನು ಸರಿಪಡಿಸಿದ ಮೇಲೂ ಯಾವ ಲಕ್ಷಣ ಹಾಗೆಯೇ ಉಳಿಯುತ್ತದೆಯೋ ಅದು ಬಂಡೆಯದು; ಯಾವುದು ಮಾಯವಾಗುತ್ತದೆಯೋ ಅಥವಾ ಬೇರೆಡೆಗೆ ಜಿಗಿಯುತ್ತದೆಯೋ ಅದು ಹಿಡಿತದ ದೋಷ. ಹೆಚ್ಚಿನ ಸಲಕರಣೆಯ ಅಗತ್ಯವಿಲ್ಲದ ಈ ಪರೀಕ್ಷೆಗೆ ಹೆಚ್ಚುವರಿಯಾಗಿ ಬೇಕಾಗುವುದು ಸಮಯ ಮಾತ್ರ.

ಐದನೆಯದು, ಮೌನದ ಪರೀಕ್ಷೆ. ಲಾರಿಗಳು ಸುಮ್ಮನಿದ್ದಾಗಲೂ ದಾಖಲೆ ಮಾಡಿಕೊಳ್ಳಬೇಕು. ಬಾವಿಯ ಬಾಯಿಯ ಬಳಿಯ ಗಾಳಿ, ಯಂತ್ರಗಳ ಅದುರುವಿಕೆ ಕೇಬಲ್ ಮೂಲಕ ಕೆಳಗಿಳಿಯುತ್ತದೆ. ಗೋಡೆ ಹಿಡಿದುಕೊಂಡಿರುವ ಕಡೆ ಅದು ಬೇಗ ಅಡಗುತ್ತದೆ; ನೇತಾಡುವ ಕಡೆ ದೂರದವರೆಗೆ ಸಾಗುತ್ತದೆ.

ಕೊನೆಯದಾಗಿ, ಕೆಲವೇ ಆಳಗಳಲ್ಲಾದರೂ ಜಿಯೋಫೋನ್ ಇಳಿಸಿ ತಂತುವಿನ ದಾಖಲೆಯೊಂದಿಗೆ ಹೋಲಿಸುವುದು. ಜಿಯೋಫೋನ್ ಅಳೆಯುವುದು ನೆಲ ಎಷ್ಟು ವೇಗವಾಗಿ ಅಲುಗಿತು ಎಂಬುದನ್ನು. ತಂತು ಅಳೆಯುವುದು ಹಿಗ್ಗು ಕುಗ್ಗುಗಳನ್ನು. ಹೀಗಾಗಿ ಒಂದನ್ನು ಇನ್ನೊಂದರ ಅಳತೆಗೆ ಪರಿವರ್ತಿಸಿದ ನಂತರವೇ ಹೋಲಿಕೆ ಮಾಡಬೇಕು.

ಹಿಡಿತದ್ದಲ್ಲದ ದೋಷಗಳು

ಸಂಕೇತ ಕೆಟ್ಟಿದೆಯೆಂದ ಮಾತ್ರಕ್ಕೆ ಹಿಡಿತವನ್ನೇ ದೂರುವಂತಿಲ್ಲ. ಎಲ್ಲ ಆಳಗಳಲ್ಲೂ ಒಂದೇ ಕ್ಷಣದಲ್ಲಿ ಗದ್ದಲ ಕಾಣಿಸಿಕೊಂಡರೆ ಅದು ಮೇಲಿರುವ ಲೇಸರ್ ಉಪಕರಣವೇ ಅದುರಿದ್ದರ ಫಲ. ಯಾವ ತರಂಗವೂ ನಾಲ್ಕು ಕಿಲೋಮೀಟರ್ ಆಳವನ್ನು ಒಂದೇ ಕ್ಷಣದಲ್ಲಿ ಕ್ರಮಿಸಲಾರದು. ಒಂದೆರಡು ಬಿಂದುಗಳಲ್ಲಷ್ಟೇ ಸಂಕೇತ ಹಠಾತ್ತನೆ ಅರ್ಥಹೀನವಾದರೆ, ಅಲ್ಲಿ ಮರಳಿದ ಬೆಳಕಿನ ಅಲೆಗಳು ಪರಸ್ಪರ ಅಳಿಸಿಕೊಂಡು ಮಂಕಾಗಿರುವ ಸಾಧ್ಯತೆಯಿದೆ.

ತಂತುವಿನ ಸ್ವಭಾವದಲ್ಲೇ ಇರುವ ಮಿತಿ ಇನ್ನೊಂದು. ಉದ್ದಕ್ಕೆ ಎಳೆದರೆ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ, ಪಕ್ಕದಿಂದ ತಳ್ಳಿದರೆ ಬಹುತೇಕ ತಿಳಿಯುವುದೇ ಇಲ್ಲ. ಒತ್ತಡದ ತರಂಗವು ತಂತುವಿನ ದಿಕ್ಕಿಗೆ 60 ಡಿಗ್ರಿ ಕೋನದಲ್ಲಿ ಬಂದರೆ ಸಂಕೇತದ ಬಲ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ಲಂಬವಾಗಿ ಬಂದರೆ ಹೆಚ್ಚುಕಡಿಮೆ ಶೂನ್ಯವಾಗುತ್ತದೆ. ಆದ್ದರಿಂದ ಬಾವಿಯಿಂದ ದೂರದಲ್ಲಿ ನಿಂತ ಲಾರಿಯ ಕಂಪನ ಮೇಲಿನ ಆಳಗಳಲ್ಲಿ ಕ್ಷೀಣವಾಗಿದ್ದರೆ ಅದನ್ನು ಕೇಬಲ್‌ನ ತಪ್ಪೆಂದು ಎಣಿಸಬಾರದು. ಬಾವಿಯ ಸಮೀಪದ ಲಾರಿಯಿಂದ ಅದೇ ಆಳದಲ್ಲಿ ಸ್ಪಷ್ಟ ಸಂಕೇತ ಬಂದರೆ ಹಿಡಿತ ಸರಿಯಾಗಿದೆ ಎಂದೇ ತಿಳಿಯಬೇಕು.

ಸಿಮೆಂಟ್‌ನಲ್ಲಿ ಹುದುಗಿಸಿದ ತಂತುವೂ ಪೂರ್ಣ ನಿರಾತಂಕವಲ್ಲ. ಸಿಮೆಂಟ್ ತುಂಬುವಾಗ ಪೊಳ್ಳು ಉಳಿದರೆ ಕೇಸಿಂಗ್ ಪೈಪೇ ಬಂಡೆಯಿಂದ ಬೇರ್ಪಟ್ಟು ಮೊಳಗುತ್ತದೆ. ತಂತು ಪೈಪನ್ನು ಭದ್ರವಾಗಿ ಹಿಡಿದಿದ್ದರೂ ಆಗ ಅದು ಹೇಳುವುದು ಪೈಪಿನ ಕತೆಯನ್ನೇ. ಇಂಥ ಕಡೆಗಳಲ್ಲಿ ಸಿಮೆಂಟ್‌ನ ಗುಣಮಟ್ಟ ಪರೀಕ್ಷಿಸಿದ ಹಳೆಯ ದಾಖಲೆಗಳು ನೆರವಿಗೆ ಬರುತ್ತವೆ.

ಪರಿಹಾರವೇನು?

ದೋಷ ಸ್ಥಳದಲ್ಲಿಯೇ ತಿಳಿದರೆ ಕೇಬಲ್ ಸಡಿಲಿಸಿ ಸರಿಪಡಿಸಲು ಯತ್ನಿಸಬಹುದು. ಆದರೆ ಅತಿಯಾಗಿ ಸಡಿಲಿಸಿದರೆ ಕೇಬಲ್ ಸಿಕ್ಕುಬೀಳುವ ಅಪಾಯವಿದೆ. ಅಲ್ಲದೆ ಕೇಬಲ್‌ನ ಉದ್ದಕ್ಕೂ ನಿಜವಾದ ಆಳಕ್ಕೂ ವ್ಯತ್ಯಾಸ ಉಂಟಾಗುವುದರಿಂದ ಆಳದ ಲೆಕ್ಕವನ್ನು ಮತ್ತೆ ತಿದ್ದಬೇಕಾಗುತ್ತದೆ.

ದೋಷ ತಡವಾಗಿ ತಿಳಿದರೆ ಉಳಿಯುವುದು ಗಣಕಯಂತ್ರದ ಶೋಧನೆ ಮಾತ್ರ. ಗ್ರೋಸ್ ಶೋನೆಬೆಕ್‌ನ ದಾಖಲೆಗಳಲ್ಲಿ ಮೊಳಗುವ ಗದ್ದಲವನ್ನು ಹೀಗೆ ಸೋಸಿ ತೆಗೆಯುವಲ್ಲಿ ವಿಜ್ಞಾನಿಗಳು ಯಶಸ್ವಿಯಾದರು. ಪಾಟ್ಸ್‌ಡ್ಯಾಮ್‌ನ ಭೂವಿಜ್ಞಾನ ಸಂಶೋಧನಾ ಕೇಂದ್ರವಾದ ಜಿಎಫ್‌ಝಡ್‌ನ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತಂತುವಿನಿಂದ ಲೆಕ್ಕಹಾಕಿದ ತರಂಗ ವೇಗವು ಬಾವಿಯಲ್ಲಿ ಸಾಂಪ್ರದಾಯಿಕ ವಿಧಾನದಿಂದ ಅಳೆದ ವೇಗದೊಂದಿಗೆ ಬಹುಮಟ್ಟಿಗೆ ಹೊಂದಿಕೆಯಾಯಿತು. ಆದರೆ ಸೋಸುವಿಕೆಗೂ ಬೆಲೆಯಿದೆ. ಗದ್ದಲದ ಆವರ್ತನದಲ್ಲೇ ಇದ್ದ ಭೂಮಿಯ ನೈಜ ಪ್ರತಿಫಲನವೂ ಅದರೊಂದಿಗೆ ಕೊಚ್ಚಿಹೋಗಬಹುದು. ಕಳೆದುಹೋದದ್ದನ್ನು ಮರಳಿ ಪಡೆಯುವ ಉಪಾಯವಿಲ್ಲ.

ಏಕಿಷ್ಟು ಎಚ್ಚರಿಕೆ?

ಈ ಮಾಪನಗಳನ್ನು ಆಧರಿಸಿ ಕೈಗೊಳ್ಳುವ ನಿರ್ಧಾರಗಳು ದುಬಾರಿಯಾದವು. ಗ್ರೋಸ್ ಶೋನೆಬೆಕ್‌ನಲ್ಲಿ ವಿಜ್ಞಾನಿಗಳ ಗುರಿ, ದಪ್ಪನೆಯ ಉಪ್ಪಿನ ಪದರಗಳ ಕೆಳಗೆ ಸುಮಾರು 4 ಕಿ.ಮೀ. ಆಳದಲ್ಲಿರುವ, 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖವಿರುವ ಬಂಡೆಯ ಸ್ತರವಾಗಿತ್ತು. ಅಂಥ ಆಳಕ್ಕೆ ಇನ್ನೊಂದು ಬಾವಿ ಕೊರೆಯುವುದೆಂದರೆ ಕೋಟಿಗಟ್ಟಲೆ ರೂಪಾಯಿಗಳ ಮಾತು. ಕೇಬಲ್‌ನ ಮೊಳಗುವಿಕೆಯನ್ನು ಬಂಡೆಯ ಪದರವೆಂದು ಭ್ರಮಿಸಿದರೆ ಬಾವಿ ತಪ್ಪಿದ ಜಾಗದಲ್ಲಿ ಇಳಿಯುತ್ತದೆ. ತಪ್ಪಿದ ಜಾಗದಲ್ಲಿ ಕೊರೆದ ಕೊಳವೆಬಾವಿಯಿಂದ ಸಾಲದ ಶೂಲಕ್ಕೆ ಸಿಲುಕಿದ ರೈತರನ್ನು ಕಂಡಿರುವ ಕನ್ನಡನಾಡಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಇಂಗಾಲದ ಡೈಆಕ್ಸೈಡ್ ಅನಿಲವನ್ನು ಭೂಗರ್ಭದಲ್ಲಿ ಹುದುಗಿಸುವ ಯೋಜನೆಗಳಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಅಕ್ವಿಸ್ಟೋರ್ ಯೋಜನೆಯಲ್ಲಿ 2015ರಲ್ಲಿ ಅನಿಲ ತುಂಬುವ ಕಾರ್ಯ ಆರಂಭವಾಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಆಟ್ವೇ ಕೇಂದ್ರದಲ್ಲಿಯೂ ಇಂಥ ಪ್ರಯೋಗಗಳು ನಡೆದಿವೆ. ಅನಿಲ ಎಲ್ಲಿಗೆ ಹರಡಿದೆ, ಸೋರುತ್ತಿದೆಯೇ ಎಂಬುದನ್ನು ಅರಿಯಲು ಒಂದೇ ಬಾವಿಯಲ್ಲಿ ಕಾಲಾಂತರದಲ್ಲಿ ಮತ್ತೆ ಮತ್ತೆ ಮಾಪನ ನಡೆಸಿ, ಹಿಂದಿನ ಚಿತ್ರದೊಂದಿಗೆ ಹೋಲಿಸಲಾಗುತ್ತದೆ. ಈ ಮಧ್ಯೆ ಕೇಬಲ್‌ನ ಹಿಡಿತವೇ ಬದಲಾದರೆ, ಆ ವ್ಯತ್ಯಾಸವನ್ನು ಅನಿಲದ ಚಲನೆ ಎಂದು ತಪ್ಪಾಗಿ ಓದುವ ಅಪಾಯವಿದೆ. ಈ ಎರಡೂ ಕಡೆ ತಂತುವನ್ನು ಕೇಸಿಂಗ್‌ನ ಹಿಂದೆ ಸಿಮೆಂಟ್‌ನಲ್ಲಿ ಶಾಶ್ವತವಾಗಿ ಹುದುಗಿಸಿರುವ ಬಾವಿಗಳಿದ್ದು, ಇಂಥ ಗೊಂದಲವನ್ನು ತಪ್ಪಿಸಲು ಅವು ನೆರವಾಗುತ್ತವೆ.

ಹೊಸ ಬಾವಿಗಳಲ್ಲಿ ಈ ಅನುಕೂಲವಿದ್ದರೂ, ಜಗತ್ತಿನಲ್ಲಿ ಈಗಾಗಲೇ ಕೊರೆದು ಬಿಟ್ಟಿರುವ ಅಸಂಖ್ಯ ಬಾವಿಗಳಿಗೆ ಇಳಿಬಿಡುವ ಕೇಬಲ್ಲೇ ಗತಿ. ಅಲ್ಲಿ ಹಿಡಿತದ ಪರೀಕ್ಷೆಯನ್ನು ಕಚೇರಿಗೆ ಮರಳಿದ ನಂತರದ ಕೆಲಸವೆಂದು ಮುಂದೂಡುವಂತಿಲ್ಲ. ಕೇಬಲ್ ಇನ್ನೂ ಬಾವಿಯೊಳಗಿದ್ದು, ಲಾರಿಗಳು ಸ್ಥಳ ಬಿಟ್ಟು ಕದಲದಿರುವಾಗ ನಡೆಸುವ ಅರ್ಧ ದಿನದ ಪರೀಕ್ಷೆಯು ನಂತರದ ಎಷ್ಟೋ ತಿಂಗಳ ಸೋಸುವ ಶ್ರಮವನ್ನು ಉಳಿಸಬಲ್ಲದು.